ತೊಂಬತ್ತೆಂಟನೇ ಪಿಚ್ಚರ್

ಕೊನೆಯನ್ನು ಮೊದಲು ಹೇಳಿಬಿಡುತ್ತೇನೆ. ಹರಿಹರದವರು ನನ್ನ ಅಕ್ಕನನ್ನು ಬೇಡ ಎನ್ನಲಿಲ್ಲ. ಬೇಡ ಎಂದರೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದರು — ಅಪ್ಪ ಹಾಗೆ ನಂಬಿಯೇ ಸತ್ತರು, ಅವ್ವ ನಂಬಿಯೇ ಸತ್ತಳು, ಅಕ್ಕ ನಂಬಿಕೊಂಡೇ ಬದುಕಿದ್ದಾಳೆ. ನಂಬಿಸಿದವನು ನಾನು. ಅವತ್ತು ನಾನು ಅವರ ಮನೆಗೆ ಹೋಗಲೇ ಇಲ್ಲ. ಪಿಚ್ಚರ್ ನೋಡುತ್ತ ಕೂತಿದ್ದೆ.

ಇಷ್ಟು ಬರೆಯುವುದಕ್ಕೆ ಐವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಬರೆದ ಮೇಲೆ ನೋಡಿದರೆ ನಾಲ್ಕೇ ಸಾಲು.

ಕೊನೆಯನ್ನು ಮೊದಲು ಹೇಳುವುದು ನಮ್ಮಿಬ್ಬರ ಪದ್ಧತಿ — ನನ್ನದೂ ಗಿರಿಜಕ್ಕನದೂ. ದಾವಣಗೆರೆಯಲ್ಲಿ ನಮ್ಮಪ್ಪನದು ಮಂಡಕ್ಕಿ ಭಟ್ಟಿ. ಮನೆಯ ಹಿಂದೆಯೇ ಒಲೆ, ಒಲೆಯ ಮೇಲೆ ಕಾದ ಮರಳು, ಮರಳಿನಲ್ಲಿ ಅರಳುವ ಅಕ್ಕಿ. ಹುರಿದದ್ದನ್ನು ಜರಡಿ ಹಿಡಿದು ಮರಳು ಬೇರೆ ಮಾಡುವುದು ಅಕ್ಕನ ಕೆಲಸ. ಅವಳು ಜರಡಿ ಆಡಿಸುತ್ತ ಕೂತರೆ ನಾನು ಎದುರಿಗೆ ಕೂತು ಹಿಂದಿನ ದಿನ ನೋಡಿದ ಪಿಚ್ಚರಿನ ಕಥೆ ಹೇಳಬೇಕು. ನಡುವೆ ಅವ್ವ ಯಾವಾಗ ಕೂಗುತ್ತಾಳೋ ತಿಳಿಯದು. ಕೂಗಿದರೆ ಎದ್ದು ಹೋಗಲೇಬೇಕು, ಕಥೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಅವಳು ಶುರುವಿನಲ್ಲೇ ಹೇಳುತ್ತಿದ್ದಳು — "ಕೊನಿ ಮೊದ್ಲು ಹೇಳು ಚಂದ್ರ. ಆಮ್ಯಾಕೆ ಉಳಿದದ್ದು ಎಷ್ಟು ಸಿಗ್ತೈತೋ ಸಿಗ್ಲಿ."

ಅವಳಿಗೆ ಥೇಟರಿಗೆ ಹೋಗುವ ಭಾಗ್ಯವಿರಲಿಲ್ಲ. ದೇವರ ಪಿಚ್ಚರ್ ಬಂದಾಗ ವರ್ಷಕ್ಕೊಮ್ಮೆ ಹೆಂಗಸರ ಕಡೆ ಪರದೆಯ ಹಿಂದೆ ಅವ್ವನ ಪಕ್ಕ ಕೂತು ನೋಡಿದ್ದೇ ನೋಡಿದ್ದು. ಉಳಿದದ್ದೆಲ್ಲ ಅವಳು ನೋಡಿದ್ದು ನನ್ನ ಬಾಯಿಂದ. ಆದರೂ ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದಳು.

ನಾನೇಕೆ ಅಷ್ಟೊಂದು ಪಿಚ್ಚರ್ ನೋಡುತ್ತಿದ್ದೆ — ಅದನ್ನೂ ಹೇಳಬೇಕು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಇಪ್ಪತ್ತು ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಟೈಪಿಂಗ್ ಕಲಿಯಲು ಹೋಗಿ ಬಿಟ್ಟಿದ್ದೆ. ಪೈಲ್ವಾನನಾಗುತ್ತೇನೆಂದು ಗರಡಿಗೆ ಹೋಗಿ ಹದಿನೈದು ದಿನಕ್ಕೆ ಸೊಂಟ ಹಿಡಿದುಕೊಂಡು ಬಂದಿದ್ದೆ. ಕೊನೆಗೆ ಅಪ್ಪನ ಮಂಡಕ್ಕಿ ಚೀಲಗಳನ್ನು ರೈಲಿಗೆ ಹಾಕಿಕೊಂಡು ಹರಿಹರದ ಅಂಗಡಿಗಳಿಗೆ ಕೊಟ್ಟು ಬರುವುದು ನನ್ನ ಉದ್ಯೋಗವಾಗಿತ್ತು. ಗೆಳೆಯ ಕೊಟ್ರೇಶಿ — ಜವಳಿ ಅಂಗಡಿಯವರ ಮಗ, ಬಾಯಿಗೆ ಬೀಗವಿಲ್ಲದವನು — ಒಂದು ಯುಗಾದಿಯ ಮರುದಿನ ಹೋಟೆಲಿನಲ್ಲಿ ಎಲ್ಲರೆದುರು ಹೇಳಿದ, "ಚಂದ್ರಂದು ಏನಿದ್ರೂ ಶುರು ಮಾಡೋದೇ ಶೂರತನ. ಮುಗಿಸಿದ್ದು ಅಂದ್ರೆ ಮಿರ್ಚಿ ತಟ್ಟೆ ಒಂದೇ ನೋಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ನಾಟಿತು, ಏಕೆಂದರೆ ಅದು ನಿಜವಾಗಿತ್ತು. ಆಗ ನನ್ನ ಬಾಯಿಂದ ಬಂದದ್ದು — "ಬರೋ ಯುಗಾದಿ ಒಳಗೆ ನೂರು ಪಿಚ್ಚರ್ ನೋಡ್ತೀನಿ. ಒಂದು ನೋಡಿದ್ದು ಇನ್ನೊಂದು ಸಲ ಇಲ್ಲ. ಮುಗಿಸಿ ತೋರಿಸ್ತೀನಿ."

ಈಗಿನವರಿಗೆ ನೂರು ಎಂದರೆ ನಗು ಬರಬಹುದು. ಆಗ ಒಂದು ಒಳ್ಳೆಯ ಪಿಚ್ಚರ್ ಬಂದರೆ ವಾರಗಟ್ಟಲೆ ಥೇಟರ್ ಬಿಟ್ಟು ಅಲುಗುತ್ತಿರಲಿಲ್ಲ. ಹೊಸದು ಬೇಕೆಂದರೆ ಊರು ಹುಡುಕಿಕೊಂಡು ಹೋಗಬೇಕು. ದಾವಣಗೆರೆಯಲ್ಲಿ ನೋಡಿ ಮುಗಿಸಿ ಹರಿಹರಕ್ಕೆ, ಹರಿಹರದಲ್ಲಿ ಮುಗಿದರೆ ಹಳ್ಳಿಗಳಲ್ಲಿ ಬಿಡಾರ ಹೂಡಿದ ಟೆಂಟಿಗೆ — ಹೀಗೆ. ಕನ್ನಡ, ತಮಿಳು, ತೆಲುಗು, ಹಿಂದಿ, ನನಗೆ ಭಾಷೆಯ ಭೇದವಿರಲಿಲ್ಲ; ತಿಳಿಯದಿದ್ದ ಕಡೆ ನಾನೇ ಕಥೆ ಹೊಲಿದುಕೊಳ್ಳುತ್ತಿದ್ದೆ. ಕೊಟ್ರೇಶಿ ಒಂದು ಕರಾರು ಹಾಕಿದ್ದ: ತೆರೆಯ ಮೇಲೆ 'ಶುಭಂ' ಬರುವ ತನಕ ಕೂತಿರಬೇಕು, ನಡುವೆ ಎದ್ದು ಬಂದರೆ ಲೆಕ್ಕಕ್ಕಿಲ್ಲ. ಹರಿದ ಅರ್ಧ ಟಿಕೀಟನ್ನು ತಂದು ತೋರಿಸಬೇಕು.

ಟಿಕೀಟುಗಳನ್ನು ಕಾಯ್ದವಳು ಅಕ್ಕ. ಒಗೆಯುವ ಮೊದಲು ನನ್ನ ಅಂಗಿಯ ಜೇಬು ತಡಕಿ ತೆಗೆದು ತಂತಿಗೆ ಪೋಣಿಸುತ್ತಿದ್ದಳು. ಹಳೆಯ ನೋಟುಬುಕ್ಕಿನಲ್ಲಿ ನಂಬರು, ಪಿಚ್ಚರಿನ ಹೆಸರು, ಕೆಳಗೆ ಕಥೆಯ ನಾಲ್ಕು ಸಾಲು — ದುಂಡನೆಯ ಅಕ್ಷರದಲ್ಲಿ. ನಾನು ಸೋತು, ಸಾಕು ಎಂದಾಗಲೆಲ್ಲ ಹುರಿದುಂಬಿಸಿದವಳೂ ಅವಳೇ. "ಇದೊಂದನ್ನಾದ್ರೂ ಮುಗ್ಸೋ ಮಾರಾಯ," ಎನ್ನುತ್ತಿದ್ದಳು. ಅಂದರೆ — ಇದನ್ನು ಬರೆಯುವಾಗ ಕೈ ತಡೆಯುತ್ತದೆ — ನನ್ನ ಆ ನೂರರಲ್ಲಿ ಅವಳ ಪಾಲೂ ಇತ್ತು.

ತೊಂಬತ್ತನ್ನು ದಾಟಿದ ಹೊತ್ತಿಗೆ ಅಕ್ಕನನ್ನು ನೋಡಲು ಹರಿಹರದಿಂದ ಬಂದರು. ಹುಡುಗ ಈಶ್ವರಪ್ಪ, ಅಲ್ಲೊಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಜೊತೆಗೆ ಅವನ ತಾಯಿ, ಸೋದರಮಾವ.

ಅಕ್ಕನ ಎಡಗೈ ಬಗ್ಗೆ ಹೇಳಿಲ್ಲ. ಚಿಕ್ಕಂದಿನಲ್ಲಿ ಭಟ್ಟಿಯ ಕಾದ ಮರಳು ಬಿದ್ದು ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಕೆಲಸಕ್ಕೇನೂ ಅಡ್ಡಿಯಿರಲಿಲ್ಲ, ಅವಳು ಅದನ್ನು ಮುಚ್ಚಿಕೊಂಡವಳೂ ಅಲ್ಲ. ಅವತ್ತು ಮಾತ್ರ ಅವ್ವ ಬೆಳಗಿನಿಂದ ಹತ್ತು ಸಲ ಹೇಳಿದ್ದಳು, ಸೆರಗು ಮುಂದಕ್ಕೆ ಎಳ್ಕಾ, ಕೈ ಕಾಣದಂಗೆ ನೋಡ್ಕಾ ಎಂದು. ಅಕ್ಕ ತಟ್ಟೆ ತಂದಿಟ್ಟವಳು ಒಳಗೆ ಹೋಗಲಿಲ್ಲ. ಸೆರಗು ಸರಿಸಿ ಕೈಯನ್ನು ಚಾಚಿಯೇಬಿಟ್ಟಳು.

"ಇದೊಂದು ಐತೆ, ನೋಡಿಬಿಡ್ರಿ. ಆಮ್ಯಾಕೆ ಗೊತ್ತಿರ್ಲಿಲ್ಲ ಅನ್ನಬ್ಯಾಡ್ರಿ."

ಅವ್ವನ ಮುಖ ಸುಣ್ಣವಾಯಿತು. ಈಶ್ವರಪ್ಪ ಒಂದು ಗಳಿಗೆ ಆ ಕೈಯನ್ನು ನೋಡಿ, ತನ್ನ ಬಲಗೈ ಬಿಚ್ಚಿ ಮುಂದೆ ಹಿಡಿದ. ಅಂಗೈ ಉದ್ದಕ್ಕೂ ಒಂದು ಗಾಯದ ಗೆರೆ. "ನಂದೂ ಐತೆ ನೋಡ್ರಿ, ಮಶೀನಿನ ಬಾಯಿಗೆ ಸಿಕ್ಕಿದ್ದು. ನಿಮ್ದಕ್ಕಿಂತ ಕಮ್ಮಿ ಏನಿಲ್ಲ." ಮೊದಲು ನಕ್ಕವಳು ಅವನ ತಾಯಿ. ಆಮೇಲೆ ಎಲ್ಲರೂ.

ಅವತ್ತು ಸಂಜೆ ಜರಡಿ ಹಿಡಿದು ಕೂತ ಅಕ್ಕ ಪಿಚ್ಚರಿನ ಕಥೆ ಕೇಳಲಿಲ್ಲ. "ಅಲ್ಲೋ ಚಂದ್ರ, ಹರಿಹರದ ಹೊಳಿ ನೀರು ಮಳಿಗಾಲದಾಗೆ ಊರೊಳಗೆ ಬರ್ತಾವೇನು?" ಎಂದು ಕೇಳಿದಳು. ಇಲ್ಲ ಎಂದೆ. "ನೀ ಬರ್ತಾ ಇರ್ತೀಯಲ್ಲ ಮಂಡಕ್ಕಿ ತಗಂಡು," ಎಂದಳು. ಅಷ್ಟೇ. ಅವಳ ಮನಸ್ಸು ಆಗಲೇ ಹರಿಹರದಲ್ಲಿ ಮನೆ ಮಾಡಿತ್ತು. ನನಗದು ತಿಳಿದಿತ್ತು. ತಿಳಿದಿರಲಿಲ್ಲ ಎಂದು ಹೇಳಲಾರೆ.

ನಮ್ಮ ಮನೆತನಗಳಲ್ಲಿ ಒಂದು ಕಟ್ಟಳೆ ಇತ್ತು. ಹೆಣ್ಣು ನೋಡಿ ಹೋದ ಮೇಲೆ ಬೇಕು ಬೇಡ ಎಂದು ಬಾಯಲ್ಲಿ ಆಡುವುದಿಲ್ಲ. ಹೆಣ್ಣಿನ ಕಡೆಯವರಿಗೆ ಒಪ್ಪಿಗೆಯಿದ್ದರೆ, ಗೊತ್ತು ಮಾಡಿದ ದಿನ, ದೀಪ ಹಚ್ಚುವುದರೊಳಗೆ ಹುಡುಗಿಯ ತಮ್ಮನೋ ಅಣ್ಣನೋ ಒಂದು ತೆಂಗಿನಕಾಯಿ ತೆಗೆದುಕೊಂಡು ಗಂಡಿನ ಮನೆಗೆ ಹೋಗಬೇಕು. ಗಂಡಿನವರಿಗೂ ಒಪ್ಪಿಗೆಯಾದರೆ ಕಾಯಿಯನ್ನು ದೇವರ ಮುಂದೆ ಒಡೆದು, ಒಂದು ಹೋಳು ತಾವಿಟ್ಟುಕೊಂಡು, ಇನ್ನೊಂದರಲ್ಲಿ ಸಕ್ಕರೆ ತುಂಬಿ ಕಳಿಸುತ್ತಾರೆ. ಒಪ್ಪಿಗೆಯಿಲ್ಲದಿದ್ದರೆ ಕಾಯಿಯನ್ನು ಒಡೆಯದೆ ವಾಪಸು ಕೊಡುತ್ತಾರೆ. ಕಾಯಿ ಬರಲೇ ಇಲ್ಲವೆಂದರೆ ಹೆಣ್ಣಿನವರಿಗೇ ಮನಸ್ಸಿಲ್ಲ ಎಂದರ್ಥ. ಆಮೇಲೆ ಯಾಕೆ ಏನು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಕೇಳಿದರೆ ಎರಡೂ ಮನೆಯ ಮರ್ಯಾದೆ ಹೋದಂತೆ. ಕಾಯಿ ಮಾತಾಡಿದ ಮೇಲೆ ಮನುಷ್ಯರು ಮಾತಾಡಬಾರದು ಎನ್ನುತ್ತಿದ್ದರು ಅಪ್ಪ.

ಯಾರ ಮನಸ್ಸೂ ನೋಯದಿರಲಿ ಎಂದು ಹಿರಿಯರು ಮಾಡಿಟ್ಟ ಕಟ್ಟಳೆ ಅದು. ನನ್ನಂಥವನೊಬ್ಬ ಅದರ ಸಂದಿಯಲ್ಲಿ ಅಡಗಿಕೊಳ್ಳಬಹುದು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಯುಗಾದಿ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಕಾಯಿ ಕಳಿಸುವುದೆಂದು ಗೊತ್ತಾಯಿತು. ಈಶ್ವರಪ್ಪನಿಗೆ ಕಡರನಾಯಕನಹಳ್ಳಿಯಿಂದ ಇನ್ನೊಂದು ಸಂಬಂಧವೂ ಬಂದು ಕಾದಿತ್ತು. ಈ ಕಡೆಯದು ತಿಳಿದ ಮೇಲೆ ಆ ಕಡೆ ಮಾತು ಎಂದು ಅವನ ತಾಯಿ ಹೇಳಿ ಕಳಿಸಿದ್ದರು. ನನ್ನ ಸಂಖ್ಯೆ ಆಗ ತೊಂಬತ್ತೇಳು. ಇನ್ನು ಮೂರು, ಉಳಿದದ್ದು ಬೆರಳೆಣಿಕೆಯ ದಿನ. ದಾವಣಗೆರೆಯ ಥೇಟರುಗಳಲ್ಲಿ ಓಡುತ್ತಿದ್ದುದನ್ನೆಲ್ಲ ನೋಡಿಯಾಗಿತ್ತು. ಎರಡು ಕಡೆ ಬದಲಾಗಲಿದ್ದವು, ಆ ಎರಡು ಸಿಕ್ಕರೂ ತೊಂಬತ್ತೊಂಬತ್ತು. ಹರಿಹರದ ಥೇಟರಿನಲ್ಲಿ ನಾನು ನೋಡದ ಒಂದು ಪಿಚ್ಚರಿತ್ತು. ಸಂತೆಯ ದಿನ ಹಳ್ಳಿಯವರಿಗೆಂದು ಮಧ್ಯಾಹ್ನ ಒಂದು ಆಟ ಹೆಚ್ಚಿಗೆ ಹಾಕುತ್ತಿದ್ದರು. ಆ ಪಿಚ್ಚರಿಗೆ ಅದೇ ಕೊನೆಯ ದಿನ. ಕಾಯಿಯ ದಿನವೂ ಅದೇ.

ಕಾಯಿಯನ್ನು ಆರಿಸಿದವಳು ಅಕ್ಕನೇ. ಅಂಗಡಿಯಲ್ಲಿ ನಾಲ್ಕೈದು ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ಚೆನ್ನಾಗಿ ಆಡುವುದನ್ನು ತೆಗೆದಳು. ಜುಟ್ಟು ಬಿಟ್ಟು ನಾರು ಬಿಡಿಸಿ, ಅರಿಶಿನ ಹಚ್ಚಿ, ಹೊಸ ಕೈಚೀಲದಲ್ಲಿಟ್ಟು ಕೊಟ್ಟಳು.

"ಬೀಳಿಸಬ್ಯಾಡ. ಇವತ್ತು ಪಿಚ್ಚರಿಗೆ ಹೋಗಲ್ಲ ಹೌದಲ್ಲೋ?"

"ಇಲ್ಲಕ್ಕ," ಎಂದೆ. ಪಿಚ್ಚರಿನ ಹ್ಯಾಂಡ್‌ಬಿಲ್ಲು ನನ್ನ ಜೇಬಿನಲ್ಲೇ ಇತ್ತು.

ಹರಿಹರದಲ್ಲಿ ಇಳಿದಾಗ ಮಧ್ಯಾಹ್ನ. ಮೊದಲು ಅವರ ಮನೆಗೆ ಹೋಗಿ ಕೊಟ್ಟುಬಿಡಬಹುದಿತ್ತು. ಆದರೆ ಒಂದು ಸಲ ಕಾಯಿ ಒಡೆದರೆಂದರೆ ಬಿಟ್ಟಾರೆಯೇ? ಹೋಳಿಗೆ ಮಾಡಿ ಉಣ್ಣಿಸಿ, ನೆಂಟರಿಷ್ಟರನ್ನು ಕರೆದು ತೋರಿಸಿ, ಸಂಜೆಯ ತನಕ ಕೂಡಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಆಟ ತಪ್ಪುತ್ತದೆ, ಆಮೇಲಿನ ಆಟಕ್ಕೆ ಕೂತರೆ ಊರಿಗೆ ಗಾಡಿಯಿಲ್ಲ. ಪಿಚ್ಚರ್ ಮುಗಿಸಿ ಹೋದರೂ ದೀಪ ಹಚ್ಚುವುದಕ್ಕೆ ಒಂದು ತಾಸು ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೆಲದ ಟಿಕೀಟು ತೆಗೆದುಕೊಂಡು, ಸಂತೆಯ ಗಂಟುಮೂಟೆಗಳ ನಡುವೆ ಕೂತು, ಕಾಯಿಯ ಚೀಲವನ್ನು ಕಾಲ ಮಧ್ಯೆ ಇಟ್ಟುಕೊಂಡೆ.

ಅರ್ಧ ಆಟವಾಗಿತ್ತು. ಕರೆಂಟು ಹೋಯಿತು.

ಹೊರಗೆ ಬಂದು ನಿಂತೆ, ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಈಗ ಬಂತು ಆಗ ಬಂತು ಎನ್ನುತ್ತಿದ್ದ ಗೇಟಿನವನು. ಸುಮಾರು ಒಂದೂವರೆ ತಾಸು. ಅವರ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಥೇಟರಿನಿಂದ ಹತ್ತು ನಿಮಿಷದ ದಾರಿ. ಹೋಗಿ, ಕಾಯಿ ಕೊಟ್ಟು ಕೈ ಮುಗಿದು — ಆದರೆ ಅಷ್ಟರಲ್ಲಿ ಕರೆಂಟು ಬಂದುಬಿಟ್ಟರೆ? ನಡುವೆ ಎದ್ದರೆ ಲೆಕ್ಕಕ್ಕಿಲ್ಲ. ಮುಗಿಸಿದ್ದು ಅಂದ್ರೆ ಮಿರ್ಚಿ ತಟ್ಟೆ ಒಂದೇ. ಕೊಟ್ರೇಶಿಯ ಆ ಮಾತು ಕಿವಿಯಲ್ಲಿ, ಅಕ್ಕನ ಕಾಯಿ ಕೈಯಲ್ಲಿ. ನಾನು ಕೇಳಿದ್ದು ಕಿವಿಯ ಮಾತನ್ನು.

ಕರೆಂಟು ಬಂತು. ಆಮೇಲೆ ಎರಡು ಸಲ ರೀಲು ತುಂಡಾಯಿತು. 'ಶುಭಂ' ಬರುವ ಹೊತ್ತಿಗೆ ಬಾಗಿಲ ಸಂದಿಯಿಂದ ಬರುತ್ತಿದ್ದ ಬಿಸಿಲಿನ ಗೆರೆ ಅಳಿಸಿಹೋಗಿತ್ತು. ಓಡಿದೆ. ನಿಜವಾಗಿಯೂ ಓಡಿದೆ. ಬೀದಿಯ ತಿರುವಿಗೆ ಬಂದಾಗ ಕಂಡದ್ದು — ಅವರ ಮನೆಯ ಬಾಗಿಲಲ್ಲಿ ದೀಪ ಹಚ್ಚಿಟ್ಟಿದ್ದರು. ಹೊರಗೆ ಕಟ್ಟೆಯ ಪಕ್ಕ ಈಶ್ವರಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸ್ಟೇಷನ್ ಕಡೆಯ ದಾರಿಯನ್ನೇ ನೋಡುತ್ತಿದ್ದ. ನಾನು ಬಂದದ್ದು ಥೇಟರಿನ ಕಡೆಯಿಂದ, ಅವನಿಗೆ ಕಾಣಲಿಲ್ಲ.

ಅಲ್ಲಿಂದ ಅವನಿಗೆ ಇಪ್ಪತ್ತು ಹೆಜ್ಜೆ. ದೀಪ ಹಚ್ಚಿದ್ದರೇನು? ತಡವಾಯಿತು, ತಪ್ಪಾಯಿತು ಎಂದಿದ್ದರೆ ಅವನು ಕಾಯಿಯನ್ನು ಕೈಯಿಂದ ಕಸಿದುಕೊಂಡು ಒಡೆಯುತ್ತಿದ್ದ ಎಂದು ಈಗ ಅನಿಸುತ್ತದೆ. ಈಗಲ್ಲ, ಆಗಲೇ ಅನಿಸಿತ್ತು. ಆದರೆ ಯಾಕೆ ತಡ ಎಂದು ಕೇಳುತ್ತಾರೆ, ಪಿಚ್ಚರಿಗೆ ಹೋಗಿದ್ದೆ ಎಂದು ಹೇಳಬೇಕಾಗುತ್ತದೆ, ಕಾಯಿ ಹಿಡಿದುಕೊಂಡು ನೆಲದಲ್ಲಿ ಕೂತಿದ್ದ ಹುಡುಗನ ಅಕ್ಕ ಇವಳು ಎನ್ನುತ್ತಾರೆ, ಅಪ್ಪನಿಗೆ ತಿಳಿಯುತ್ತದೆ — ನಾನು ಗೋಡೆಯ ಮರೆಗೆ ಸರಿದೆ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ನಡೆದೆ.

ರೈಲಿನಲ್ಲಿ ಕೂತು ನಾಳೆ ಬೆಳಿಗ್ಗೆ ಮೊದಲ ಗಾಡಿಗೆ ಬಂದು ಕಾಲು ಹಿಡಿಯುತ್ತೇನೆ ಎಂದುಕೊಂಡೆ. ಮನೆಗೆ ಬಂದಾಗ ಊಟದ ಹೊತ್ತು. ಅಪ್ಪ, ಅವ್ವ ಇಬ್ಬರೂ ಪಡಸಾಲೆಯಲ್ಲಿ. ಅಕ್ಕ ಒಳಬಾಗಿಲಲ್ಲಿ. ನಾನು ಏನಾದರೂ ಹೇಳುವ ಮೊದಲೇ ಅವ್ವ ಚೀಲವನ್ನು ಮುಟ್ಟಿ ನೋಡಿದಳು. ದುಂಡಗೆ ಕೈಗೆ ಸಿಕ್ಕಿತು.

"ಏನಂದ್ರೋ?" ಅಪ್ಪ ಕೇಳಿದರು.

"ಏನೂ ಅನ್ಲಿಲ್ಲ," ಎಂದೆ.

ಅದು ಸುಳ್ಳಲ್ಲ ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾಚಿಕೆಯಾಗುತ್ತದೆ. ಅಪ್ಪ ಮತ್ತೆ ಕೇಳಲಿಲ್ಲ, ಕಾಯಿ ಮಾತಾಡಿಯಾಗಿತ್ತು. ಅವ್ವ ಮಾತ್ರ ಅಕ್ಕನ ಕಡೆ ತಿರುಗಿದಳು.

"ಕೈ ತೋರ್ಸಬ್ಯಾಡ ಅಂತ ಬಾಯಿ ಬಡ್ಕಂಡೆ. ಕೇಳಿದ್ಯಾ? ಎದುರಿಗೆ ನಕ್ಕಿರ್ತಾರೆ, ಮನಿಗೆ ಹೋಗಿ ಎಣಿಸಿ ನೋಡಿರ್ತಾರೆ."

ಅಕ್ಕ ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಸೆರಗನ್ನು ಎಳೆದು ಅದರೊಳಗೆ ಇಟ್ಟುಕೊಂಡಳು.

ಆಗ ಹೇಳಬೇಕಿತ್ತು. ಅಲ್ಲೇ, ಆ ಗಳಿಗೆಯಲ್ಲೇ. ಒಂದು ಹೊಡೆತ ಬೀಳುತ್ತಿತ್ತು, ಹೆಚ್ಚೆಂದರೆ ನಾಲ್ಕು. ನಾನು ಕಾಲು ತೊಳೆದುಕೊಂಡು ಊಟಕ್ಕೆ ಕೂತೆ.

ಮರುದಿನ ಮೊದಲ ಗಾಡಿಗೆ ಹೋಗಲಿಲ್ಲ. ನಾಳೆ ಎಂದುಕೊಂಡೆ, ಮತ್ತೆ ನಾಳೆ. ಅಕ್ಕ ಎಂದಿನಂತೆ ಅಂಗಿಯ ಜೇಬಿನಿಂದ ಟಿಕೀಟಿನ ಚೂರು ತೆಗೆದು, "ಇದ್ಯಾವುದು?" ಎಂದಳು. ಮೊನ್ನೆಯದು, ಕೊಡುವುದು ಮರೆತಿದ್ದೆ ಎಂದೆ. ಹೆಸರು ಕೇಳಿ ತೊಂಬತ್ತೆಂಟು ಎಂದು ಬರೆದಳು. ಕೊನೆ ಏನಾಯಿತು ಎಂದು ಕೇಳಲಿಲ್ಲ. ತೊಂಬತ್ತೊಂಬತ್ತಕ್ಕೂ ಕೇಳಲಿಲ್ಲ, ನೂರಕ್ಕೂ ಕೇಳಲಿಲ್ಲ. ಆ ಮೂರರ ಕೆಳಗೆ ನೋಟುಬುಕ್ಕಿನಲ್ಲಿ ಕಥೆಯಿಲ್ಲ, ಬರೀ ಹೆಸರು.

ಯುಗಾದಿಯ ಹಿಂದಿನ ದಿನ ನೂರು ಮುಗಿಯಿತು. ಕೊಟ್ರೇಶಿ ಹೋಟೆಲಿನಲ್ಲಿ ಎಲ್ಲರೆದುರು ಚೆಂಡುಹೂವಿನ ಹಾರ ಹಾಕಿದ. "ಸೋತೆ ಕಣಪಾ," ಎಂದು ಅಪ್ಪಿಕೊಂಡ. ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಮುಗಿಸಿದವನೆಂದು ಜನ ನನ್ನ ಬೆನ್ನು ತಟ್ಟಿದರು. ಹಬ್ಬಕ್ಕೆ ಅವ್ವ ಆ ಕಾಯಿಯನ್ನೇ ಒಡೆದಳು — ಮನೆಯಲ್ಲಿ ಬೇರೆ ಇರಲಿಲ್ಲ. ಅಡುಗೆಗೆ ತುರಿದವಳು ಅಕ್ಕ. ಉಂಡೆ ನಾನು.

ಎರಡು ವಾರ ಕಳೆದು ಸುದ್ದಿ ಬಂತು: ಈಶ್ವರಪ್ಪನಿಗೆ ಕಡರನಾಯಕನಹಳ್ಳಿಯ ಹುಡುಗಿ ಗೊತ್ತಾಯಿತು. ಇದನ್ನು ಯಾರಿಗೂ ಹೇಳಿಲ್ಲ, ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಆ ಸುದ್ದಿ ಕೇಳಿದಾಗ ನನಗೆ ಹಾಯೆನಿಸಿತು. ಇನ್ನು ಹೋಗಿ ಹೇಳಬೇಕಾದ ಕಷ್ಟವಿಲ್ಲ, ಎಲ್ಲ ಮುಗಿಯಿತು ಎಂದು. ನನ್ನ ತಪ್ಪುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಎಂದು ಕೇಳಿದರೆ ಪಿಚ್ಚರೂ ಅಲ್ಲ, ಗೋಡೆಯ ಮರೆಯೂ ಅಲ್ಲ. ಆ ಹಾಯೆನಿಸಿದ್ದು.

ಅಕ್ಕ ಮತ್ತೆ ಯಾರ ಎದುರಿಗೂ ತಟ್ಟೆ ಹಿಡಿದು ಬರಲಿಲ್ಲ. "ಇನ್ನೊಬ್ರ ಮುಂದೆ ಕೈ ಚಾಚಂಗಿಲ್ಲ," ಎಂದಳು. ಅಪ್ಪ ಬೈದರು, ಅವ್ವ ಅತ್ತಳು. ಅವಳು ಮೇಷ್ಟ್ರ ಟ್ರೈನಿಂಗ್ ಮುಗಿಸಿ ಶಾಲೆ ಸೇರಿದಳು, ನಿಟ್ಟುವಳ್ಳಿಯಲ್ಲಿ ಸ್ವಂತಕ್ಕೊಂದು ಸಣ್ಣ ಮನೆ ಮಾಡಿದಳು. ಎರಡು ತಲೆಮಾರಿನ ಮಕ್ಕಳು ಅವಳಿಂದ ಅಕ್ಷರ ಕಲಿತಿದ್ದಾರೆ. ಬೋರ್ಡಿನ ಮೇಲೆ ಬಲಗೈ, ಎಡಗೈ ಸದಾ ಸೆರಗಿನೊಳಗೆ. ಟೀಚರಿಗೆ ಚಳಿ ಎಂದುಕೊಳ್ಳುತ್ತಿದ್ದವಂತೆ ಮಕ್ಕಳು.

ಆಗಿದ್ದೆಲ್ಲ ಒಳ್ಳೆಯದಕ್ಕೇ ಆಯಿತು, ಸಂಸಾರದ ತಾಪತ್ರಯವಿಲ್ಲದೆ ಮಹಾರಾಣಿಯಂತೆ ಬದುಕಿದಳು ಎಂದು ನೆಂಟರು ಹೇಳುತ್ತಾರೆ. ಇರಬಹುದು. ಹಾಗೆ ಹೇಳುವ ಹಕ್ಕು ಅವಳಿಗಿದೆ. ನನಗಿಲ್ಲ.

ಈಶ್ವರಪ್ಪನನ್ನು ನಾನು ಮತ್ತೆ ಕಂಡದ್ದು ಒಂದೇ ಸಲ, ಹತ್ತಿರಹತ್ತಿರ ಹತ್ತು ವರ್ಷವಾದ ಮೇಲೆ, ಹರಿಹರದ ಬಸ್ ಸ್ಟ್ಯಾಂಡಿನಲ್ಲಿ. ಅವನೇ ಗುರುತು ಹಿಡಿದು ಬಂದ. ಮಗಳನ್ನು ಎತ್ತಿಕೊಂಡಿದ್ದ. ಅದು ಇದು ಮಾತಾಡಿ, ಹೊರಡುವಾಗ ನಕ್ಕು ಹೇಳಿದ, "ನಿಮ್ಮನಿಯೋರಿಗೆ ನಾವು ಹಿಡಿಸ್ಲಿಲ್ಲ, ಇರ್ಲಿ ಬಿಡ್ರಿ. ನಾನೂ ಅವತ್ತು ಕೈ ತೋರಿಸ್ಬಾರ್ದಿತ್ತು. ಮಶೀನಿಗೆ ಕೈ ಕೊಡೋನಿಗೆ ಯಾರು ಹೆಣ್ಣು ಕೊಡ್ತಾರೆ, ಅಲ್ಲೇನ್ರಿ?" ಅವನೂ ಹಾಗೆಯೇ ತಿಳಿದಿದ್ದ. ಇಬ್ಬರೂ ತಮ್ಮ ತಮ್ಮ ಕೈಯನ್ನೇ ದೂರಿಕೊಂಡಿದ್ದರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಅವನು ತೀರಿಕೊಂಡು ಈಗ ನಾಲ್ಕು ವರ್ಷ.

ನಮ್ಮ ವಂಶದಲ್ಲಿ ನಾನು 'ನೂರು ಪಿಚ್ಚರ್ ಅಜ್ಜ'. ಮದುವೆ ಮುಂಜಿಗಳಲ್ಲಿ ಆ ಕಥೆ ಹೇಳಿಸದೆ ಬಿಡುವುದಿಲ್ಲ. ಪ್ರತಿ ಸಲವೂ ಹೇಳಿದ್ದೇನೆ, ಟೆಂಟಿನಲ್ಲಿ ನಾಯಿ ನುಗ್ಗಿದ್ದು, ತೆಲುಗು ತಿಳಿಯದೆ ವಿಲನ್ನನ್ನೇ ಹೀರೋ ಎಂದುಕೊಂಡಿದ್ದು. ಎಲ್ಲರಿಗಿಂತ ಜೋರಾಗಿ ನಗುವವಳು ಅಕ್ಕ. "ಬರ್ದಾಕಿ ನಾನು ಕಣ್ರಪ್ಪ," ಎನ್ನುತ್ತಾಳೆ. ಹೋದ ತಿಂಗಳು ನನ್ನ ಮೊಮ್ಮಗಳು — ಅವಳೂ ಒಂದು ವರ್ಷಕ್ಕೆ ಮುನ್ನೂರು ಸಿನಿಮಾ ಎಂದು ಪಣ ತೊಟ್ಟಿದ್ದಾಳೆ, ರಕ್ತದಲ್ಲಿ ಬಂದದ್ದು — ಆ ನೋಟುಬುಕ್ಕು ನೋಡಬೇಕೆಂದು ಹಟ ಹಿಡಿದಳು. ಅಕ್ಕ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದನ್ನು ತಂದುಕೊಟ್ಟಳು. ಹುಡುಗಿ ಪುಟ ತಿರುವುತ್ತ ಕೇಳಿದಳು, "ಅಜ್ಜಿ, ಕೊನೇ ಮೂರಕ್ಕೆ ಯಾಕೆ ಕಥೆ ಇಲ್ಲ?"

"ಅವತ್ತು ನಂಗೆ ಕೇಳೋ ಮನಸ್ಸಿರ್ಲಿಲ್ಲ," ಎಂದಳು ಅಕ್ಕ, ನಗುತ್ತಲೇ.

ಅದಾದ ಮೇಲೆ ಇದನ್ನು ಬರೆಯಲು ಕೂತೆ. ಕರೆಂಟು ಹೋಯಿತು, ರೀಲು ತುಂಡಾಯಿತು, ವಯಸ್ಸು ಚಿಕ್ಕದು, ಕಟ್ಟಳೆ ಹಾಗಿತ್ತು — ಎಲ್ಲವನ್ನೂ ಬರೆದಿದ್ದೇನೆ, ಆದದ್ದು ಹಾಗೆ ಎಂದು. ಅದಕ್ಕೇ ಆಯಿತು ಎಂದಲ್ಲ.

ಇಷ್ಟು ಬರೆದು ಮೂರು ದಿನ ಇಟ್ಟಿದ್ದೆ. ಊರಿಗೆಲ್ಲ ಓದಿಸಿ ಅವಳಿಗೆ ಹೇಳದಿದ್ದರೆ ಅದು ಇನ್ನೊಂದು ಗೋಡೆಯ ಮರೆ. ನಿನ್ನೆ ಬೆಳಿಗ್ಗೆ ನಿಟ್ಟುವಳ್ಳಿಗೆ ಹೋದೆ. ಅಕ್ಕ ಜಗುಲಿಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಎದುರಿಗೆ ಕೂತೆ.

"ಅಕ್ಕ, ಒಂದು ಕಥಿ ಹೇಳ್ಬೇಕು."

"ಈ ವಯಸ್ಸಿನಾಗೂ ಪಿಚ್ಚರೇನೋ?" ಎಂದಳು. ಆಮೇಲೆ ಏನನ್ನಿಸಿತೋ, ಕಣ್ಣೆತ್ತಿ ನೋಡಿ ಹೇಳಿದಳು, "ಆತು, ಕೊನಿ ಮೊದ್ಲು ಹೇಳು."

"ಹರಿಹರದೋರು ನಿನ್ನ ಬ್ಯಾಡ ಅನ್ಲಿಲ್ಲ. ನಾನು ಅವರ ಮನಿಗೆ ಹೋಗ್ಲೇ ಇಲ್ಲ. ಪಿಚ್ಚರಿಗೆ ಹೋಗಿದ್ದೆ."

ಅವಳ ಬಲಗೈ ಬೇಳೆಯ ಮೇಲೆ ಹಾಗೇ ನಿಂತಿತು. ಬೀದಿಯಲ್ಲಿ ಒಂದು ಆಟೋ ಬಂದು, ನಿಂತು, ಹೋಯಿತು. ನಾನು ಉಳಿದದ್ದನ್ನೆಲ್ಲ ಹೇಳಿದೆ, ಅವಳು ನಡುವೆ ತಡೆಯಲಿಲ್ಲ. ಈಶ್ವರಪ್ಪ ಬಸ್ ಸ್ಟ್ಯಾಂಡಿನಲ್ಲಿ ಆಡಿದ ಮಾತನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳು ಕೇಳಿದ್ದು ಇಷ್ಟೇ, "ಹೊರಗೆ ನಿಂತಿದ್ರು ಅಂದ್ಯಲ್ಲ. ಎಷ್ಟೊತ್ತು ನಿಂತಿದ್ರು?"

ಅದನ್ನು ನೋಡಲು ನಾನು ಅಲ್ಲಿ ನಿಲ್ಲಲಿಲ್ಲವಲ್ಲ. ಗೊತ್ತಿಲ್ಲಕ್ಕ ಎಂದೆ.

ಅವಳು ತಲೆಯಾಡಿಸಿದಳು. ಮೊರ ಬದಿಗಿಟ್ಟು ಒಳಗೆ ಹೋಗಿ, ಬಂದವರಿಗೆಲ್ಲ ಮಾಡುವಂತೆ ನನಗೂ ಚಾ ಮಾಡಿ ತಂದಳು. ಬಲಗೈಯಲ್ಲಿ ಲೋಟ ಚಾಚಿದಳು. ಎಡಗೈ ಎಲ್ಲಿದೆ ಎಂದು ನೋಡಿದೆ — ಸೆರಗಿನೊಳಗೇ ಇತ್ತು.